ಅವಳ ಹೆಸರಿನ ಗಾಡಿ

ನಮ್ಮ ಮನೆಗೆ ಏನೇ ತಂದರೂ ನನ್ನ ಹೆಂಡತಿಯ ಹೆಸರಿಗೇ ತರುವುದು. ಗ್ಯಾಸ್ ಅವಳ ಹೆಸರಿಗೆ, ಫ್ರಿಜ್ಜಿನ ಬಿಲ್ಲು ಅವಳ ಹೆಸರಿಗೆ. ಕುರುಬರಹಳ್ಳಿಯಲ್ಲಿರುವ ನನ್ನ ಮಿಕ್ಸಿ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ಬರೆಸಿರುವುದೂ ಅವಳ ಹೆಸರೇ. ಮದುವೆಯಾದ ಹೊಸದರಲ್ಲಿ ನನ್ನ ಹೆಸರಿಗೆ ಒಂದು ಹಳೇ ಮೊಪೆಡ್ ತಗೊಂಡಿದ್ದೆ. ಅದರ ಮೇಲಿಂದ ಮೂರು ಸಲ ಬಿದ್ದೆ, ಆಮೇಲೆ ಅದು ಕಳುವೇ ಆಯಿತು. ನಮ್ಮ ಮಾವನವರು ಯಾರೋ ಜೋಯಿಸರನ್ನು ಕೇಳಿಕೊಂಡು ಬಂದರು. "ನಿಮ್ಮ ಹೆಸರಿಗೆ ಕಬ್ಬಿಣ ಆಗಿಬರಲ್ವಂತೆ ಅಳಿಯಂದ್ರೇ, ಮಗಳ ಹೆಸರು ಆಗಿಬರ್ತದಂತೆ" ಅಂದರು. ಬೆಳಗಿನಿಂದ ಸಂಜೆಯವರೆಗೆ ಮೋಟಾರು, ಬ್ಲೇಡು, ಸ್ಪ್ಯಾನರು ಅಂತ ಕಬ್ಬಿಣದ ಜೊತೆಗೇ ಬದುಕುವವನಿಗೆ ಕಬ್ಬಿಣ ಆಗಿಬರುವುದಿಲ್ಲ ಅಂದರೆ ಏನು ಮಾಡಬೇಕು? ಆಮೇಲೆ ತಂದ ಸ್ಕೂಟರಿನ ಆರ್‌ಸಿ ಅವಳ ಹೆಸರಿಗೇ ಆಯಿತು.

ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. "ನಂದು ಅಂತ ಏನೂ ಇಲ್ಲ ಸಾರ್, ಎಲ್ಲಾ ಮನೆಯೋರ್ದೇ." ಮಿಕ್ಸಿ ಜಾರು ಹಿಡಿದು ಬಂದ ಹೆಂಗಸರು ಬೋರ್ಡು ನೋಡಿ, "ಇದು ಯಾರ ಹೆಸರಣ್ಣ?" ಅಂತ ಕೇಳುತ್ತಿದ್ದರು. ನಾನು ಹೇಳಿದರೆ ಜೊತೆಗೆ ಬಂದಿದ್ದ ಗಂಡನ ಕಡೆ ತಿರುಗಿ, "ನೋಡಿ ಕಲ್ತ್ಕೊಳ್ಳಿ" ಅನ್ನುತ್ತಿದ್ದರು. ಆಗೆಲ್ಲ ನನ್ನ ಎದೆ ಒಂದು ಅಂಗುಲ ಮುಂದೆ ಬರುತ್ತಿತ್ತು. ಅವಳ ಹೆಸರನ್ನು ನಾನು ಹೊತ್ತು ಮೆರೆಸುತ್ತಿದ್ದೇನೆ ಅಂದುಕೊಂಡಿದ್ದೆ. ಆ ಹೆಸರಿನ ಮೇಲೆ ಏನು ಹೊರಿಸಿದೆ ಅನ್ನುವುದನ್ನು ಈಗ ಬರೆಯುತ್ತೇನೆ. ಬರೆಯಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ಆ ಪರೀಕ್ಷೆಯ ಅರ್ಧದಲ್ಲಿ ಎದ್ದು ಬಂದವನು ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೋಟಾರ್ ವೈಂಡಿಂಗ್ ಕಲಿತೆ. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳಿನ ಗೆರೆಗಳೇ ಸವೆದು ಹೋಗಿವೆ. ಆಧಾರ್ ಮಾಡಿಸುವಾಗ ಮಿಷನ್ನು ನನ್ನ ಬೆರಳನ್ನು ಒಪ್ಪದೆ ಮೂರು ಸಲ ವಾಪಸು ಕಳಿಸಿತ್ತು. ಮೋಟಾರಿನ ಸದ್ದು ಕೇಳಿದರೆ ಸಾಕು, ಬುಷ್ ಹೋಗಿದೆಯೋ ಕಾರ್ಬನ್ ಸವೆದಿದೆಯೋ ಹೇಳುತ್ತೇನೆ. ಕನ್ನಡ ಓದುತ್ತೇನೆ, ಆದರೆ ನಿಧಾನ, ತುಟಿ ಅಲ್ಲಾಡಿಸದೆ ಆಗುವುದಿಲ್ಲ. ಸರ್ಕಾರದ ಕಾಗದದ ಕನ್ನಡವಂತೂ ಎರಡನೇ ಸಾಲಿಗೇ ನನ್ನನ್ನು ಹೊರಗೆ ತಳ್ಳುತ್ತದೆ. ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸು. ಮನೆಯಲ್ಲೇ ಓದಿ ಹೇಳುವವಳಿದ್ದಳು. ಆದರೆ ಹೆಂಡತಿಯ ಮುಂದೆ ಕಾಗದ ಹಿಡಿದು ನಿಂತು, "ಇದರಲ್ಲಿ ಏನಿದೆ ನೋಡು" ಅನ್ನುವುದಕ್ಕೆ ನನಗೆ ನಾಲಿಗೆ ಬರುತ್ತಿರಲಿಲ್ಲ.

ಬಂದ ಕಾಗದವನ್ನೆಲ್ಲ ಅಂಗಡಿಯ ಗೋಡೆಗೆ ನೇತು ಹಾಕಿದ್ದ ತಂತಿಗೆ ಚುಚ್ಚಿಬಿಡುತ್ತಿದ್ದೆ. ಬಿಲ್ಲು, ವಾರಂಟಿ ಕಾರ್ಡು, ಗಿರಾಕಿಗಳ ನಂಬರ್ ಬರೆದ ಚೀಟಿ ಎಲ್ಲ ಅಲ್ಲೇ. ನನ್ನ ಆಫೀಸು ಅಂದರೆ ಆ ತಂತಿ.

ಲೈಸೆನ್ಸಿನ ವಿಷಯಕ್ಕೆ ಬರುತ್ತೇನೆ. ಹುಡುಗನಾಗಿದ್ದಾಗ ಏಜೆಂಟನ ಮೂಲಕ ಮಾಡಿಸಿದ ಲೈಸೆನ್ಸಿನ ಅವಧಿ ಮುಗಿದು ಹೋಗಿತ್ತು. ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಬಹಳ ದಿನವಾಗಿತ್ತು. ಆರ್‌ಟಿಒಗೆ ಹೋದೆ. ಕಿಟಕಿಯ ಹಿಂದೆ ಇದ್ದವರು, "ತುಂಬಾ ಲೇಟ್ ಆಯ್ತು, ಹೊಸದಾಗಿ ಎಲ್‌ಎಲ್‌ಆರ್ ಮಾಡಿಸ್ಬೇಕು. ಕಂಪ್ಯೂಟರ್ ಟೆಸ್ಟ್ ಇರುತ್ತೆ" ಅಂದರು. ಪಕ್ಕದ ಕೋಣೆಯ ಗಾಜಿನಲ್ಲಿ ಬಗ್ಗಿ ನೋಡಿದೆ. ಕಾಲೇಜು ಹುಡುಗ ಹುಡುಗಿಯರು ಸಾಲಾಗಿ ಕೂತು ಮೌಸ್ ಒತ್ತುತ್ತಿದ್ದರು. ಮೇಲ್ವಿಚಾರಣೆಗೆ ಒಬ್ಬರು ಹಿಂದೆ ಕೈಕಟ್ಟಿಕೊಂಡು ಓಡಾಡುತ್ತಿದ್ದರು, ಥೇಟ್ ನಮ್ಮ ಏಳನೇ ಕ್ಲಾಸಿನ ಮೇಷ್ಟ್ರ ಹಾಗೆ. ಒಳಗೆ ಕಾಲಿಡಲಿಲ್ಲ. ಮನೆಗೆ ಬಂದೆ.

"ಆಯ್ತೇನ್ರೀ?" ಅಂದಳು ಹೆಂಡತಿ.

"ಆಯ್ತು ಕಣೇ" ಅಂದೆ.

ಅಷ್ಟೇ. ಎರಡು ಅಕ್ಷರದ ಸುಳ್ಳು. ಅದನ್ನು ಇಟ್ಟುಕೊಂಡು ಎಷ್ಟೋ ವರ್ಷ ಬಸವೇಶ್ವರನಗರ, ವಿಜಯನಗರ ಎಲ್ಲ ಕಡೆ ಸ್ಕೂಟರ್ ಓಡಿಸಿದೆ. ಕಾಲ ಸಂದಿಯಲ್ಲಿ ಗ್ರೈಂಡರು, ಹ್ಯಾಂಡಲಿಗೆ ನೇತಾಡುವ ಮಿಕ್ಸಿ, ತಲೆಯ ಮೇಲೆ ಒಂದೊಂದು ದಿನ ಮಾತ್ರ ಹೆಲ್ಮೆಟ್ಟು. ಕ್ಯಾಮೆರಾ ಫೋಟೊ ಹೊಡೆಯುತ್ತಿತ್ತು, ಮೊಬೈಲಿಗೆ ಮೆಸೇಜು ಬರುತ್ತಿತ್ತು. ನಾನು ನೋಡುತ್ತಲೇ ಇರಲಿಲ್ಲ.

ಹಾವನೂರು ಸರ್ಕಲ್ ಹತ್ತಿರ ಒಂದು ಒನ್‌ವೇ ಇದೆ. ಸುತ್ತಿ ಹೋಗಲು ಸೋಮಾರಿತನ. ಒಂದು ಬೆಳಿಗ್ಗೆ ಎದುರು ನುಗ್ಗಿದೆ, ಟ್ರಾಫಿಕ್‌ನವರು ಕೈ ಅಡ್ಡ ಹಾಕಿದರು. ನನಗಿಂತ ಚಿಕ್ಕ ವಯಸ್ಸಿನ ಎಸ್ಐ.

"ಲೈಸೆನ್ಸ್ ತೋರ್ಸಿ."

ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ಏನ್ರೀ ಇದು, ಮ್ಯೂಸಿಯಮ್ಮಿಂದ ತಂದ್ರಾ? ಯಾವ ಕಾಲದ್ದು? ಇನ್ಶೂರೆನ್ಸೂ ಇಲ್ಲ. ಗಾಡಿ ಯಾರ ಹೆಸರಲ್ಲಿದೆ?"

"ನಮ್ಮನೆಯೋರ ಹೆಸರಲ್ಲಿ."

"ಫೈನ್ ಕಟ್ತೀರಾ?"

ಅಷ್ಟು ಹೊತ್ತಿಗೆ ಅಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು, ಅದರಲ್ಲಿ ಇಬ್ಬರು ನನ್ನ ಗಿರಾಕಿಗಳು. ಮ್ಯೂಸಿಯಂ ಅನ್ನುವ ಮಾತಿಗೆ ಒಬ್ಬ ನಕ್ಕಿದ್ದ. ನನಗೆ ಪಿತ್ತ ನೆತ್ತಿಗೇರಿತು. "ಇಲ್ಲಿ ಒಂದು ರೂಪಾಯಿ ಕಟ್ಟಲ್ಲ ಸಾರ್. ಕೋರ್ಟಿಗೇ ಬರ್ಕೊಡಿ. ಜಡ್ಜ್ ಮುಂದೆನೇ ಮಾತಾಡ್ತೀನಿ!" ಅಂದೆ.

"ನೀವೊಬ್ರೇ ಅಲ್ಲ, ಗಾಡಿ ಓನರೂ ಮಾತಾಡ್ಬೇಕಾಗುತ್ತೆ" ಅಂದರು ಅವರು, ಬರೆಯುತ್ತಲೇ. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಹಳೇ ಲೈಸೆನ್ಸು ಇಟ್ಟುಕೊಂಡು, ಚೀಟಿ ಕೊಟ್ಟು ಕಳಿಸಿದರು. ಅವತ್ತು ಸಂಜೆ ಟೀ ಅಂಗಡಿಯಲ್ಲಿ ನಾನೇ ರಾಜ. "ಕೋರ್ಟಿಗೇ ಬರ್ಕೊಡಿ ಅಂದ್ಬಿಟ್ಟೆ ಗುರು, ಮುಖ ಇಷ್ಟಗಲ ಆಯ್ತು ಅವರಿಗೆ." ಕೇಳಿದವರೆಲ್ಲ, "ಅಣ್ಣನ ಹತ್ರನಾ!" ಅಂದರು. ಜಡ್ಜ್ ಮುಂದೆ ಮಾತಾಡುತ್ತೇನೆ ಅಂದವನು ಕೋರ್ಟು ಯಾವ ದಿಕ್ಕಿಗಿದೆ ಅಂತಲೂ ತಿಳಿದುಕೊಳ್ಳಲಿಲ್ಲ.

ಕೆಲವು ತಿಂಗಳಾದ ಮೇಲೆ ಒಬ್ಬ ಪೇದೆ ಅಂಗಡಿಗೆ ಬಂದು ನನ್ನ ಹೆಂಡತಿಯ ಹೆಸರು ಕೇಳಿದ. "ಮನೇಲಿದಾರೆ, ನಾನು ಕೊಡ್ತೀನಿ" ಅಂತ ರುಜು ಹಾಕಿ ಕಾಗದ ತಗೊಂಡೆ. "ತಾರೀಖಿಗೆ ತಪ್ಪದೇ ಹೋಗಕ್ಕೆ ಹೇಳಿ" ಅಂದು ಹೋದ. ಟ್ರಾಫಿಕ್ಕಿನದು ಅಂತ ಗೊತ್ತಾಯಿತು. ಮನೆಗೆ ತಗೊಂಡು ಹೋದರೆ ಲೈಸೆನ್ಸಿನ ಸುಳ್ಳು ಹೊರಗೆ ಬರುತ್ತದೆ. ತಂತಿಗೆ ಚುಚ್ಚಿದೆ. ಅದರ ಮೇಲೆ ಒಂದು ವಾರಂಟಿ ಕಾರ್ಡು ಚುಚ್ಚಿದೆ.

ಹಾಗಂತ ಮರೆತಿರಲಿಲ್ಲ. ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಆಗಾಗ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಟೀ ಅಂಗಡಿಯಲ್ಲಿ ಯಾರದೋ ವಿಷಯ ಅಂತ ಹೇಳಿ ಕೇಳಿದೆ. "ಅಯ್ಯೋ, ತಲೆ ಕೆಡಿಸ್ಕೋಬೇಡಿ ಅಂತ ಹೇಳಿ ಅವರಿಗೆ. ಅರ್ಧಕ್ಕರ್ಧ ಬಿಡ್ತಾರಲ್ಲ, ಆಗ ಎಲ್ಲಾ ಒಟ್ಟಿಗೆ ಕಟ್ಟಿದ್ರಾಯ್ತು" ಅಂದರು. ನಮ್ಮ ಊರಿನಲ್ಲಿ ದಂಡಕ್ಕೂ ಹಬ್ಬದ ರಿಯಾಯಿತಿ ಇರುತ್ತದೆ, ಜನ ಅದಕ್ಕೆ ಕಾಯುತ್ತಾರೆ. ನಾನೂ ಕಾದೆ. ಅದು ಬಂದಾಗ ಕ್ಯೂನಲ್ಲಿ ನಿಂತು ಕ್ಯಾಮೆರಾ ಹೊಡೆದಿದ್ದ ದಂಡಗಳನ್ನೆಲ್ಲ ಒಂದೇ ದಿನ ಕಟ್ಟಿದೆ. ಕೌಂಟರಿನಲ್ಲಿದ್ದವರು, "ಇನ್ನೇನೂ ತೋರಿಸ್ತಿಲ್ಲ ನೋಡಿ" ಅಂದರು. ಅವರ ಮಿಷನ್ನು ತೋರಿಸುತ್ತಿದ್ದದ್ದು ಕ್ಯಾಮೆರಾದ್ದನ್ನು ಮಾತ್ರ, ಕೋರ್ಟಿಗೆ ಬರೆದದ್ದು ಕೋರ್ಟಿನಲ್ಲೇ ಕೂತಿತ್ತು. ಕೇಳಬಹುದಿತ್ತು. ಕೇಳಿದರೆ ಇನ್ನೂ ಒಂದಿದೆ ಅನ್ನುತ್ತಾರೇನೋ ಅನ್ನುವ ಭಯಕ್ಕೆ ಕೇಳಲಿಲ್ಲ. ರಸೀದಿಯನ್ನು ತಂತಿಗೆ ಚುಚ್ಚಿ, ಪಾಪ ಕಳೆಯಿತು ಅಂದುಕೊಂಡೆ.

ಆಮೇಲೆ ಒಂದು ಫೋನ್ ಬಂತು. ಅವತ್ತು ಮಿಕ್ಸಿಯೊಂದನ್ನು ಬಿಚ್ಚಿ ಮೋಟಾರ್ ಓಡಿಸಿ ನೋಡುತ್ತಿದ್ದೆ, ಕಿವಿ ಕೇಳಿಸದಷ್ಟು ಸದ್ದು. ಫೋನಿನಲ್ಲಿದ್ದವರು ನನ್ನ ಹೆಂಡತಿಯ ಹೆಸರು ಹೇಳಿ, "ಇದೇನಾ ನಂಬರು?" ಅಂದರು. ಅದು ನನ್ನ ಅಂಗಡಿಯ ಹೆಸರು ತಾನೇ. ಹೌದು ಅಂದೆ.

"ಈ ಹೆಸರಲ್ಲಿ ವಾರಂಟಿದೆ."

"ವಾರಂಟಿ ಇದೆಯಾ? ಯಾವಾಗಿಂದು?"

"ಆಗ್ಲೇ ಎರಡು ತಿಂಗಳಾಯ್ತು."

"ಹಂಗಾದ್ರೆ ಬಿಲ್ ತಗೊಂಡು ಬನ್ನಿ. ಬಿಲ್ ಇಲ್ದೆ ನಾನೇನೂ ಮಾಡಕ್ಕಾಗಲ್ಲ."

"ಏನ್ರೀ, ತಮಾಷೆನಾ?"

"ತಮಾಷೆ ಎಲ್ಲಿಂದ ಬಂತು ಸಾರ್? ಅಂಗಡಿ ರೂಲ್ಸು. ಆರು ತಿಂಗಳೊಳಗೆ ಬಿಲ್ ತಂದ್ರೆ ಫ್ರೀಯಾಗಿ ಮಾಡ್ಕೊಡ್ತೀನಿ" ಅಂತ ಫೋನ್ ಇಟ್ಟು ಮತ್ತೆ ಮೋಟಾರ್ ಹಾಕಿದೆ. ಬಿಲ್ಲಿಲ್ಲದೆ ಜಗಳಕ್ಕೆ ಬರುವ ಗಿರಾಕಿ ಅಂತ ಬೈದುಕೊಂಡೆ ಕೂಡ.

ಆ ವರ್ಷವೇ ನನ್ನ ಹೆಂಡತಿ ಕೆಲಸಕ್ಕೆ ಹೋಗುತ್ತೇನೆ ಅಂದದ್ದು. ಮಗಳ ಮದುವೆಯಾಗಿತ್ತು, ಮನೆಯಲ್ಲಿ ಹಗಲು ಅವಳೊಬ್ಬಳೇ. ಅವಳ ಈ ಆಸೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆಯೇ ಬಾಲವಾಡಿಯಲ್ಲಿ ಕೆಲಸ ಸಿಗುತ್ತದೆ ಅಂತ ಕೇಳಿದ್ದಳು. "ನಾನು ದುಡಿತಿರೋವಾಗ ನಿಂಗ್ಯಾಕೆ?" ಅಂದುಬಿಟ್ಟಿದ್ದೆ. ಈ ಸಲ ವಿಜಯನಗರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳ ವ್ಯಾನಿಗೆ ಆಯಾ ಬೇಕಾಗಿದ್ದರು. ಅವಳು ಹೋಗಿ ಮಾತಾಡಿಕೊಂಡು ಬಂದಿದ್ದಳು, ಅವರು ಒಪ್ಪಿಯೂ ಇದ್ದರು. "ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟು ಒಂದು ತಂದ್ಕೊಟ್ರೆ ಜೂನ್ ಒಂದಕ್ಕೆ ಬನ್ನಿ ಅಂದಿದಾರೆ ಕಣ್ರೀ" ಅಂದಳು. ಆ ದಿನದ ಅವಳ ಮುಖ ನನಗೆ ನೆನಪಿದೆ. ನೀಲಿ ಸೀರೆ ಯೂನಿಫಾರಂ ಅಂತೆ, ರವಿಕೆ ಹೊಲಿಸಲು ಅಳತೆಯನ್ನೂ ಕೊಟ್ಟಾಗಿತ್ತು.

ಸ್ಟೇಷನ್ನಿಗೆ ನಾನೇ ಕರೆದುಕೊಂಡು ಹೋದೆ, ಅದೇ ಸ್ಕೂಟರಿನಲ್ಲಿ. ಕಂಪ್ಯೂಟರ್ ಮುಂದೆ ಕೂತಿದ್ದ ಪೇದೆ ಅವಳ ಹೆಸರು, ಅಪ್ಪನ ಹೆಸರು, ವಿಳಾಸ ಹಾಕಿ ನೋಡಿದ. ಮತ್ತೊಮ್ಮೆ ನೋಡಿದ. "ಅಮ್ಮಾ, ಒಂದ್ನಿಮಿಷ ಕೂತ್ಕೊಳ್ಳಿ" ಅಂದು ಒಳಗೆ ಹೋಗಿ ವಯಸ್ಸಾದ ಒಬ್ಬ ದಫೇದಾರರನ್ನು ಕರೆದುಕೊಂಡು ಬಂದ.

"ನಿಮ್ಮ ಮೇಲೆ ಕೋರ್ಟಿಂದ ವಾರಂಟಿದೆಯಲ್ಲಮ್ಮಾ" ಅಂದರು ದಫೇದಾರರು.

ಆ ಪದ ಎರಡನೇ ಸಲ ಕಿವಿಗೆ ಬಿದ್ದಾಗ, ಅವತ್ತು ಫೋನಿನಲ್ಲಿ ಹೇಳಿದ್ದು ವಾರಂಟಿಯಲ್ಲ ಅಂತ ನನಗೆ ಹೊಳೆಯಿತು.

"ನನ್ನ ಮೇಲಾ? ಯಾರೋ ಬೇರೆಯವರಿರ್ಬೇಕು ನೋಡಿ ಸಾರ್. ನನಗೆ ಗಾಡಿ ಓಡ್ಸಕ್ಕೇ ಬರಲ್ಲ" ಅಂದಳು ಅವಳು. ಗಾಡಿಯ ನಂಬರ್ ಓದಿ ಹೇಳಿದರು. ಹೊರಗೆ ನಿಂತಿದ್ದದ್ದು ಅದೇ ಗಾಡಿ. ಅವರು ಕಾಗದದಲ್ಲಿದ್ದ ಫೋನ್ ನಂಬರ್ ನೋಡಿದರು, ನನ್ನ ಮುಖ ನೋಡಿದರು. ಮೀಸೆಯ ಅಡಿಯಲ್ಲಿ ನಗು ಶುರುವಾಯಿತು.

"ಓಹೋ! ಬಿಲ್ ತಗೊಂಡು ಬನ್ನಿ ಅಂದೋರು ನೀವೇನಾ?"

ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತು. ಆ ಕತೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು ಅಂತ ಕಾಣುತ್ತದೆ. "ಆರು ತಿಂಗಳಾಗಿಲ್ಲ ಯಜಮಾನ್ರೇ, ಇನ್ನೂ ಫ್ರೀನೇ ತಾನೇ?" ಅಂದ ಒಬ್ಬ. ನಾನೂ ನಕ್ಕೆ. ಅದನ್ನು ನೆನೆಸಿಕೊಂಡರೆ ಬೇಸರವಾಗುತ್ತದೆ. ಏನು ಮಾಡಬೇಕು ಅಂತ ತೋಚದೆ ಅವರ ಜೊತೆ ನಾನೂ ನಕ್ಕೆ. ಅವಳು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಂಪ್ಯೂಟರನ್ನೇ ನೋಡುತ್ತಿದ್ದಳು.

ನಗು ನಿಂತ ಮೇಲೆ ದಫೇದಾರರು ಮೆತ್ತಗೆ ಹೇಳಿದರು: "ಕಾನೂನು ಪ್ರಕಾರ ಈಗಲೇ ಕರ್ಕೊಂಡು ಹೋಗ್ಬೇಕು. ಹೆಣ್ಮಕ್ಕಳು, ತಾವಾಗೇ ಬಂದಿದೀರಿ. ನಾಳೆ ಬೆಳಿಗ್ಗೆನೇ ವಕೀಲರನ್ನ ಹಿಡ್ಕೊಂಡು ಕೋರ್ಟಿಗೆ ಹಾಜರಾಗ್ಬಿಡಿ. ಅದು ಕ್ಲಿಯರ್ ಆಗೋ ತನಕ ಸರ್ಟಿಫಿಕೇಟು ಬರಲ್ಲ."

ಹೊರಗೆ ಬಂದಾಗ ನಾನು ಗಾಡಿ ಸ್ಟಾರ್ಟ್ ಮಾಡಿದೆ. ಅವಳು ಹತ್ತಲಿಲ್ಲ. "ಲೈಸೆನ್ಸು ಆಯ್ತು ಅಂದಿದ್ರಲ್ಲ?" ಅಂದಳು.

ನಾನು ಇಂಜಿನ್ ಆಫ್ ಮಾಡಿದೆ.

ಅಂಗಡಿಗೆ ನಡೆದುಕೊಂಡೇ ಹೋದಳು, ನಾನು ಗಾಡಿ ತಳ್ಳಿಕೊಂಡು ಹಿಂದೆ. ತಂತಿಯಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ತೆಗೆದು ಓದಿದಳು. ಎಷ್ಟು ಬೇಗ ಓದುತ್ತಾಳೆ ಅನ್ನುವುದನ್ನು ಅವತ್ತೇ ನಾನು ನೋಡಿದ್ದು. ಸಮನ್ಸು ಸಿಕ್ಕಿತು. ಅದರ ಎದೆಯಲ್ಲಿ ನಾನು ಚುಚ್ಚಿದ ತೂತು, ಅಡಿಯಲ್ಲಿ ಅವಳ ಪರವಾಗಿ ನಾನು ತಗೊಂಡದ್ದಕ್ಕೆ ಗುರುತು. "ಇದು ನನಗೆ ಬಂದಿದ್ದ ಕಾಗದ" ಅಂದಳು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅಷ್ಟೇ ಹೇಳಿ ಮಡಿಚಿ ಚೀಲದೊಳಗೆ ಇಟ್ಟುಕೊಂಡಳು.

ಮಾರನೇ ದಿನ ಹೊಸಹಳ್ಳಿಯಿಂದ ಮೆಟ್ರೊದಲ್ಲಿ ಹೋದೆವು. ಕೋರ್ಟಿನ ಮೆಟ್ಟಿಲಲ್ಲಿ ಸಿಕ್ಕ ವಕೀಲೆ ನಮ್ಮ ಮಗಳ ವಯಸ್ಸಿನವಳು. ಕಾಗದ ನೋಡಿ ಸ್ಪಷ್ಟವಾಗಿ ಹೇಳಿದಳು. "ಅಕ್ಕಾ, ನಿಮ್ಮ ಮೇಲಿರೋದು ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟಿದ್ದಕ್ಕೆ, ಇನ್ಶೂರೆನ್ಸ್ ಇಲ್ಲದ್ದಕ್ಕೆ. ಗೊತ್ತಿರ್ಲಿಲ್ಲ ಅಂದ್ರೆ ಕೇಸು ನಡೆಯುತ್ತೆ, ಸಾಕ್ಷಿ ಅದೂ ಇದೂ ಅಂತ ವರ್ಷ ಹಿಡಿಯುತ್ತೆ. ತಪ್ಪಾಯ್ತು ಅಂದ್ರೆ ಇವತ್ತೇ ಮುಗಿಯುತ್ತೆ."

"ಜೂನ್ ಒಂದಕ್ಕೆ ನನಗೆ ಸರ್ಟಿಫಿಕೇಟು ಬೇಕು" ಅಂದಳು ನನ್ನ ಹೆಂಡತಿ.

"ಮೇಡಂ, ಓಡ್ಸಿದ್ದು ನಾನು, ನಾನೇ ಒಪ್ಕೋತೀನಿ" ಅಂದೆ.

"ಅಂಕಲ್, ನಿಮ್ಮದು ಬೇರೆ ಇದೆ, ಅದನ್ನೂ ಕಟ್ತೀರಿ. ಇದು ಓನರ್ ಮೇಲಿರೋದು. ಇವರದ್ದನ್ನ ನೀವು ಒಪ್ಕೊಳ್ಳಕ್ಕೆ ಬರಲ್ಲ."

ಕೋರ್ಟಿನ ಜವಾನ ಬಾಗಿಲಿಗೆ ಬಂದು ಅವಳ ಹೆಸರು ಕೂಗಿದ. ಒಂದು ಸಲ, ಎರಡು ಸಲ, ಮೂರು ಸಲ, ಉದ್ದದ ಆ ಕಾರಿಡಾರಿನ ಕೊನೆಯವರೆಗೂ ಕೇಳುವ ಹಾಗೆ. ನಾನು ಕೆಂಪು ಬಣ್ಣದಲ್ಲಿ ಬೋರ್ಡಿಗೆ ಬರೆಸಿದ ಹೆಸರು. ಮನೆಯಲ್ಲಿ ನಾನೂ ಅದನ್ನು ಕೂಗುವುದಿಲ್ಲ, "ಏನೇ" ಅನ್ನುತ್ತೇನೆ ಅಷ್ಟೆ. ಕುಡಿದು ಓಡಿಸಿದವರು, ವೀಲಿಂಗ್ ಮಾಡಿದ ಹುಡುಗರು ಎಲ್ಲ ತಿರುಗಿ ನೋಡಿದರು. ಅವಳು ಮದುವೆಗೆ ಹೋಗುವಾಗ ಉಡುವ ಸೀರೆ ಉಟ್ಟುಕೊಂಡು ಬಂದಿದ್ದಳು. ಅದೇ ಸೀರೆಯಲ್ಲಿ ಹೋಗಿ ಕಟಕಟೆಯಲ್ಲಿ ನಿಂತಳು.

ಜಡ್ಜ್ ಕೂಡ ಹೆಂಗಸೇ. ಕಾಗದ ನೋಡಿಕೊಂಡೇ ಕೇಳಿದರು: "ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟಿದ್ದೀರಿ ಅಂತಿದೆ. ಯಾರಿಗೆ ಕೊಟ್ಟಿದ್ರಿ?"

"ನಮ್ಮನೆಯೋರಿಗೆ ಮೇಡಂ."

"ಅವರಿಗೆ ಲೈಸೆನ್ಸ್ ಇಲ್ಲ ಅಂತ ಗೊತ್ತಿತ್ತಾ?"

ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. "ತಪ್ಪಾಯ್ತು ಮೇಡಂ" ಅಂದಳು.

"ಸಮನ್ಸ್ ಬಂದಿದೆಯಲ್ಲ, ಯಾಕೆ ಬರಲಿಲ್ಲ?"

"ಓದ್ಲಿಲ್ಲ ಮೇಡಂ."

"ಎಷ್ಟು ಓದಿದೀರಿ?"

"ಎಸ್ಸೆಸ್ಸೆಲ್ಸಿ ಪಾಸು."

"ಎಸ್ಸೆಸ್ಸೆಲ್ಸಿ ಪಾಸಾದೋರಿಗೆ ಒಂದು ಸಮನ್ಸ್ ಓದಕ್ಕಾಗಲ್ವಾ?"

ಆಗ ನಾನು ಮುಂದೆ ಹೋಗಬೇಕಿತ್ತು. ಓದಲು ಬರದವನು ನಾನು, ಬಚ್ಚಿಟ್ಟವನು ನಾನು ಅಂತ ಕೂಗಬೇಕಿತ್ತು. ಪೊಲೀಸರು ಹೊರಗೆ ಹಾಕುತ್ತಿದ್ದರು, ಹಾಕಲಿ. ನಾನು ಗೋಡೆ ಬಿಟ್ಟು ಬರಲಿಲ್ಲ. ಒನ್‌ವೇಯಲ್ಲಿ ನಾಲ್ಕು ಜನರ ಮುಂದೆ ಜಡ್ಜ್ ಹತ್ತಿರವೇ ಮಾತಾಡುತ್ತೇನೆ ಅಂದ ಬಾಯಿ, ಜಡ್ಜ್ ಎದುರಿಗೇ ಇರುವಾಗ ಬೀಗ ಹಾಕಿಕೊಂಡಿತ್ತು. ಇನ್ನೂ ಒಂದು ಹೇಳಿಬಿಡುತ್ತೇನೆ: ಓದಕ್ಕಾಗಲ್ವಾ ಅನ್ನುವ ಪ್ರಶ್ನೆ ನನಗೆ ಬಂದಿಲ್ಲವಲ್ಲ ಅಂತ ಒಂದು ಕ್ಷಣ ನನಗೆ ಸಮಾಧಾನವಾಯಿತು.

ದಂಡ ಹಾಕಿದರು. ಜೊತೆಗೆ, ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕು ಅಂದರು. ಅದೇನು ಅಂತ ವಕೀಲೆಯನ್ನು ಕೇಳಿದೆ. "ಸಾಯಂಕಾಲ ಜಡ್ಜ್ ಎದ್ದು ಹೋಗೋ ತನಕ ಒಳಗೆ ಬೆಂಚ್ ಮೇಲೆ ಕೂತಿರ್ಬೇಕು ಅಷ್ಟೇ ಅಂಕಲ್" ಅಂದಳು. ಆಮೇಲೆ ದನಿ ತಗ್ಗಿಸಿ, "ಕೂತಿರೋದೇ ಆದ್ರೂ ಕಾಗದದಲ್ಲಿ ಅದೂ ಸಜೆನೇ" ಅಂದಳು.

ಗೋಡೆಯ ಪಕ್ಕದ ಬೆಂಚಿನ ಮೇಲೆ, ಇಬ್ಬರು ಕುಡುಕರಿಂದ ಒಂದು ಮೊಳ ದೂರದಲ್ಲಿ, ಅವಳು ಸಂಜೆಯವರೆಗೆ ಕೂತಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಡಬ್ಬಿ ತಗೊಂಡು ಹೋದೆ. ಬೆಳಿಗ್ಗೆ ಅವಳೇ ಮಾಡಿ ಕಟ್ಟಿದ್ದ ಚಿತ್ರಾನ್ನ. "ನಂಗೆ ಬೇಡ, ನೀವು ತಿನ್ನಿ. ನಿಮಗೆ ಹಸಿವು ತಡಿಯಲ್ಲ" ಅಂದಳು. ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ತಿಂದೆ. ಪೂರ್ತಿ ತಿಂದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವನು ನಾನು, ಉಂಡವಳು ಅವಳು; ಅನ್ನದ ಡಬ್ಬಿ ಮಾತ್ರ ನನ್ನ ಪಾಲಿಗೆ ಬಂತು.

ವಾಪಸು ಬರುವಾಗ ಮೆಟ್ರೊದಲ್ಲಿ ನಿಂತುಕೊಂಡೇ ಇದ್ದೆವು. ಹೊಸಹಳ್ಳಿ ಹತ್ತಿರ ಬಂದಾಗ ಅವಳು ಕಂಬಿ ಹಿಡಿದುಕೊಂಡೇ ಹೇಳಿದಳು: "ಹೆಸರು ಕೂಗಿದ್ರಲ್ಲ, ಆಗ ನೀವು ಹೌದು, ಓಡ್ಸಿದ್ದು ನಾನು ಅಂತ ಮುಂದೆ ಬರ್ಬೋದಿತ್ತು. ಬಿಡ್ತಿರ್ಲಿಲ್ಲ, ನಂಗೊತ್ತು. ಆದ್ರೂ."

ವಾರಂಟು ರದ್ದಾದ ಕಾಗದ ಕೋರ್ಟಿನಿಂದ ಸ್ಟೇಷನ್ನಿಗೆ ಬರಲು, ಅಲ್ಲಿಂದ ಕಂಪ್ಯೂಟರಿಗೆ ಏರಲು ವಾರಗಳು ಹಿಡಿದವು. ದಿನಾ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ದಫೇದಾರರು, "ಬಂದ್ರಾ ವಾರಂಟಿಯೋರು" ಅನ್ನುತ್ತಿದ್ದರು. ಜೂನ್ ಒಂದು ಬಂತು, ಹೋಯಿತು. ಶಾಲೆಯವರು ಫೋನ್ ಮಾಡಿ, ಮಕ್ಕಳು ಬರಲು ಶುರು ಮಾಡಿದ್ದಾರೆ, ಬೇರೆಯವರನ್ನು ತಗೊಂಡಿದ್ದೇವೆ ಅಂದರು. ಅವಳು, "ಪರವಾಗಿಲ್ಲ ಮಿಸ್" ಅಂದಳು. ನೀಲಿ ರವಿಕೆ ಹೊಲಿದು ಬಂದಿತ್ತು. ಅದನ್ನು ಬೀರುವಿನ ತಳದಲ್ಲಿ ಹಾಕಿದಳು.

ನಾನು ಆರ್‌ಟಿಒಗೆ ಹೋದೆ. ಸಂಜೆ ಹೊತ್ತು ಅಂಗಡಿ ಬೇಗ ಮುಚ್ಚಿ, ಸಂಚಾರ ನಿಯಮದ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದೆ. ಅವಳು ತರಕಾರಿ ಹೆಚ್ಚುತ್ತಾ, "ಜೋರಾಗಿ ಓದಿ, ನಂಗೆ ಕೇಳಿಸ್ಬೇಕು" ಅನ್ನುತ್ತಿದ್ದಳು. ತಪ್ಪಿದರೆ ಬೈಯುತ್ತಿರಲಿಲ್ಲ, ಚಾಕು ನಿಲ್ಲಿಸುತ್ತಿದ್ದಳು. ಮತ್ತೆ ಮೊದಲಿನಿಂದ ಓದುತ್ತಿದ್ದೆ. ಮೊದಲ ಸಲ ಕಂಪ್ಯೂಟರಿನಲ್ಲಿ ಫೇಲಾದೆ; ಪಕ್ಕದಲ್ಲಿದ್ದ ಹುಡುಗಿ ಎದ್ದು ಹೋದಾಗ ನಾನಿನ್ನೂ ಮೂರನೇ ಪ್ರಶ್ನೆಯಲ್ಲಿದ್ದೆ. ಎರಡನೇ ಸಲ ಪಾಸಾಯಿತು. ಲೈಸೆನ್ಸು ಬಂತು. ಗಾಡಿಯನ್ನೂ ನನ್ನ ಹೆಸರಿಗೆ ಮಾಡಿಸಿದೆ. ಕಬ್ಬಿಣ ಆಗಿಬಂದರೆ ಬರಲಿ, ಬಿಟ್ಟರೆ ಬಿಡಲಿ.

ಮುಂದಿನ ವರ್ಷ ಬಸವೇಶ್ವರನಗರದ ಇನ್ನೊಂದು ಶಾಲೆಯಿಂದ ಅವಳು ಫಾರಂ ತಂದಳು. ಊಟದ ಚಾಪೆಯ ಮೇಲೆ ಕೂತು ತುಂಬುತ್ತಿದ್ದವಳು ಒಂದು ಸಾಲಿಗೆ ಬಂದು ಬರೆಯುವುದನ್ನು ನಿಲ್ಲಿಸಿದಳು. ಪೆನ್ನಿನ ತುದಿಯಿಂದ ಆ ಸಾಲನ್ನು ನನಗೆ ತೋರಿಸಿದಳು. ನಾನು ಓದಿದೆ. ಅರ್ಜಿದಾರರ ಮೇಲೆ ಈ ಹಿಂದೆ ಯಾವುದಾದರೂ ಪ್ರಕರಣ ದಾಖಲಾಗಿ ಶಿಕ್ಷೆಯಾಗಿದೆಯೇ?

"ಏನ್ ಬರೀಲಿ?" ಅಂದಳು.

"ಇಲ್ಲ ಅಂತ ಬರಿ. ಟ್ರಾಫಿಕ್ಕಿಂದು ಒಂದು ಕೇಸಾ? ಯಾರು ಹೋಗಿ ನೋಡ್ತಾರೆ?"

ಬಾಯಿಂದ ಬಂದ ಮೇಲೆ ಅದು ಯಾರ ಮಾತು ಅಂತ ನನಗೇ ಗೊತ್ತಾಯಿತು. ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ದುಂಡಗಿನ ಅಕ್ಷರದಲ್ಲಿ "ಹೌದು" ಅಂತ ಬರೆದಳು. ವಿವರ ಅನ್ನುವ ಕಡೆ, "ಗಾಡಿ ಕೊಟ್ಟಿದ್ದಕ್ಕೆ" ಅಂತ ಬರೆದಳು. ಯಾರಿಗೆ ಅಂತ ಬರೆಯಲಿಲ್ಲ. ಕೆಳಗೆ ತನ್ನ ಹೆಸರು ಹಾಕಿದಳು.

ಕೆಲಸ ಸಿಕ್ಕಿತು. ಆ ಸಾಲಿನ ಬಗ್ಗೆ ಶಾಲೆಯವರು ಕೇಳಿದರಾ ಅಂದೆ. "ಕೇಳಿದ್ರು, ಹೇಳ್ದೆ" ಅಂದಳು. ಏನು ಹೇಳಿದೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಕಳೆದ ವಾರ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ಗಾಡಿಯಲ್ಲಿ ಹೋಗಿ ಶಾಲೆಯ ಗೇಟಿನ ಮುಂದೆ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಸೆಕ್ಯುರಿಟಿಯವರು, "ಯಾರ ಕಡೆಯೋರು?" ಅಂದರು. ಅವಳ ಹೆಸರು ಹೇಳಿ, "ಅವರ ಯಜಮಾನ್ರು" ಅಂದೆ.

"ಓ, ಗಾಡಿಯೋರಾ?"

ಅವರು ಕೇಳಿದ್ದು ನಾನು ನಿಲ್ಲಿಸಿದ್ದ ಗಾಡಿಯನ್ನು ನೋಡಿಯೋ, ಫಾರಮ್ಮಿನಲ್ಲಿದ್ದ ಗಾಡಿಯ ಕತೆ ಕೇಳಿಯೋ ಗೊತ್ತಾಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹೌದು ಅಂದೆ.